ಡಬ್ಬಿಯ ಮೇಲಿನ ಅಂಕೆ

“ಗುರುಗಳೇ, ಎಲ್ಲರೂ ನನಗೆ ‘ನಿನ್ನಿಂದ ಆಗುವುದು ಇಷ್ಟೇ’ ಎಂದು ಹೇಳುತ್ತಾರೆ. ಅದಕ್ಕಿಂತ ಹೆಚ್ಚು ಮಾಡಹೊರಟರೆ ಅದು ಅಹಂಕಾರವೇ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳಿದರು:

ಒಬ್ಬ ಹುಡುಗಿಯ ಬಳಿ ಕಂಪ್ಯೂಟರ್ ಇತ್ತು. ಅದರೊಳಗೆ ಚಿತ್ರಗಳನ್ನು ಓಡಿಸುವ ಗ್ರಾಫಿಕ್ಸ್ ಕಾರ್ಡು, ಅಂಗಡಿಯಲ್ಲಿ ಸಿಗುವುದರಲ್ಲೇ ಅಗ್ಗದ್ದು. ಅವಳ ಊರಿನಲ್ಲಿ ಕಂಪ್ಯೂಟರ್ ಆಟದ ತಂಡವೊಂದಿತ್ತು. ಅದರಲ್ಲಿ ಒಂದು ಜಾಗ ಖಾಲಿಯಾಯಿತು. ಆ ಜಾಗ ಕೇಳಿ ಬಂದವರು ಇಬ್ಬರು, ಈ ಹುಡುಗಿ ಮತ್ತು ಅವಳ ಪಕ್ಕದ ಮನೆಯ ಯುವಕ. ಇಬ್ಬರ ಕಾರ್ಡೂ ಒಂದೇ ಅಂಗಡಿಯದು, ಒಂದೇ ಮಾದರಿಯದು. ಆಟ ಬಿರುಸಾದಾಗ ಇಬ್ಬರ ಪರದೆಯೂ ತಡವರಿಸುತ್ತಿತ್ತು.

ತಂಡದ ನಾಯಕ, “ಭಾನುವಾರ ಮಧ್ಯಾಹ್ನ ಕಂಪ್ಯೂಟರ್ ಹೊತ್ಕೊಂಡು ನಮ್ಮ ಕೋಣೆಗೆ ಬನ್ನಿ. ಯಾರ ಪರದೆ ನಿಂತು ನಿಂತು ಓಡುತ್ತೋ ಅವರು ಹೊರಗೆ” ಎಂದ. ಹುಡುಗಿಯ ಕಡೆ ತಿರುಗಿ, “ನೀನು ಖಾಲಿ ಕೈಯಲ್ಲಿ ಬಂದ್ರೂ ನಡೆಯುತ್ತೆ, ಚಪ್ಪಾಳೆ ತಟ್ಟೋಕೆ ಜನ ಬೇಕು” ಎಂದ.

ಹುಡುಗಿ ಕಾರ್ಡು ಮಾರಿದ ವ್ಯಾಪಾರಿಯ ಬಳಿ ಹೋದಳು. ಇದನ್ನು ಇನ್ನೂ ಸ್ವಲ್ಪ ವೇಗವಾಗಿ ಓಡಿಸಬಹುದೇ ಎಂದು ಕೇಳಿದಳು.

ವ್ಯಾಪಾರಿ ನಕ್ಕ. “ಡಬ್ಬಿ ಮೇಲೆ ವೇಗ ಬರೆದಿದೆಯಲ್ಲಮ್ಮ. ಅದೇ ಅದರ ಹಣೆಬರಹ. ದೊಡ್ಡ ಕಾರ್ಡು ತಗೋ, ಇಲ್ಲಾಂದ್ರೆ ಸುಮ್ನೆ ಇಸ್ಪೀಟ್ ಆಡ್ಕೊಂಡಿರು.”

“ಯಾರ ಹಣೆಬರಹ ಅಣ್ಣ ಅದು? ಒಂದು ರಾಶಿ ಕಾರ್ಡಲ್ಲಿ ತೀರಾ ನಿಧಾನದ್ದು ಎಷ್ಟು ಓಡುತ್ತೋ ಅಷ್ಟನ್ನೇ ತಾನೇ ಎಲ್ಲಾ ಡಬ್ಬಿ ಮೇಲೂ ಬರೆಯೋದು? ನನ್ನ ಕಾರ್ಡನ್ನ ಇನ್ನೂ ಯಾರೂ ಕೇಳೇ ಇಲ್ಲ.”

“ಕೇಳು, ಕೇಳು. ಸುಟ್ಟು ಹೋದ್ಮೇಲೆ ಅಳ್ತಾ ಬರಬೇಡ.”

“ಬಂದ್ರೆ ಅಳ್ತಾ ಬರಲ್ಲ” ಎಂದು ಹುಡುಗಿ ಹೊರಟಳು.

ಮನೆಗೆ ಬಂದು ಕಂಪ್ಯೂಟರ್ ಬಿಚ್ಚಿದಳು. ಫ್ಯಾನಿನ ಧೂಳು ತೆಗೆದಳು. ಗೋಡೆಗೆ ಅಂಟಿಕೊಂಡಿದ್ದ ಪೆಟ್ಟಿಗೆಯನ್ನು ಗಾಳಿಯಾಡುವಂತೆ ಈಚೆಗೆ ಎಳೆದಳು. ಮೊದಲು ಫ್ಯಾನನ್ನು ಜೋರು ಮಾಡಿದಳು, ಆಮೇಲೆ ಪರದೆಯಲ್ಲಿ ಅಂಕೆ ಒತ್ತಿ ಕಾರ್ಡಿನ ವೇಗವನ್ನು. ಒಂದು ಚೂರು ಏರಿಸುವಳು, ಭಾರವಾದ ಆಟವೊಂದನ್ನು ಓಡಲು ಬಿಟ್ಟು ಕಾರ್ಡಿನ ಬಿಸಿಯನ್ನು ನೋಡುತ್ತ ಕೂರುವಳು. ಸಹಿಸಿಕೊಂಡರೆ ಇನ್ನೊಂದು ಚೂರು. ಕಾರ್ಡು ಸುಟ್ಟೀತೆಂದು ಅದಕ್ಕೆ ಹೋಗುವ ವಿದ್ಯುತ್ತನ್ನು ಮಾತ್ರ ಏರಿಸಲಿಲ್ಲ. ತಂಡದ ಕೋಣೆಗೆ ತಗಡಿನ ಚಾವಣಿ, ಮಧ್ಯಾಹ್ನ ಕಾಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ ಮಧ್ಯಾಹ್ನದ ಹೊತ್ತು, ಕಿಟಕಿ ಮುಚ್ಚಿ, ಬೆವರುತ್ತ ಈ ಕೆಲಸ ಮಾಡಿದಳು.

ಒಂದು ಸಲ ಪರದೆಯ ಮೇಲೆ ಬಣ್ಣದ ಚುಕ್ಕಿಗಳು ಹಾರಿದವು. ಅಮ್ಮ ಬಾಗಿಲಲ್ಲಿ ನಿಂತು, “ಕೆಡಿಸಿದೆಯಾ?” ಎಂದರು. “ಇಲ್ಲಮ್ಮ, ಕಾರ್ಡು ಸಾಕು ಅಂತಿದೆ” ಎಂದಳು. ವೇಗವನ್ನು ಚುಕ್ಕಿ ಮಾಯವಾಗುವವರೆಗೆ ಇಳಿಸಿದಳು. ನಂತರ ಇನ್ನೂ ಒಂದು ಚೂರು ಇಳಿಸಿದಳು. ಅಲ್ಲಿ ನಿಲ್ಲಿಸಿ ಸಂಜೆಯವರೆಗೆ ಓಡಿಸಿದಳು. ಪರದೆ ಒಮ್ಮೆಯೂ ತಡವರಿಸಲಿಲ್ಲ. ಡಬ್ಬಿಯ ಮೇಲಿನ ಅಂಕೆ ಎಲ್ಲೋ ಹಿಂದೆ ಉಳಿದಿತ್ತು.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಯುವಕ ಬಂದ. “ಎಷ್ಟಕ್ಕಿಟ್ಟಿದೀಯ, ಹೇಳೇ” ಎಂದ.

ಹುಡುಗಿ ಮುಚ್ಚಿಡಲಿಲ್ಲ. “ಹೇಳ್ತೀನಿ. ಆದ್ರೆ ಇದು ನನ್ನ ಕಾರ್ಡಿನ ಅಂಕೆ ಕಣೋ. ನೀನು ಕೆಳಗಿಂದ ಹತ್ತಿಸ್ಕೊಂಡು ಬಾ, ಇನ್ನೂ ಟೈಮ್ ಇದೆ.”

“ಅದೇ ಅಂಗಡಿ, ಅದೇ ಡಬ್ಬಿ. ನಿಂದು ಓಡಿದ್ರೆ ನಂದಕ್ಕೇನು ಕಾಲಿಲ್ವಾ?” ಎಂದ ಯುವಕ. ಮನೆಗೆ ಹೋಗಿ ಆ ಅಂಕೆಯನ್ನು ನೇರವಾಗಿ ಒತ್ತಿದ. ಕಂಪ್ಯೂಟರ್ ಐದು ನಿಮಿಷ ಚೆನ್ನಾಗಿಯೇ ನಡೆಯಿತು. ಅವನು ಅದನ್ನು ಹೊತ್ತುಕೊಂಡು ಹೊರಟ.

ಕೋಣೆಯ ತಗಡು ಕಾದಿತ್ತು. ಆಟ ಬಿರುಸಾಯಿತು. ಯುವಕನ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದ, ಮತ್ತೆ ಕಪ್ಪಾಯಿತು. ಅವನ ಕಾರ್ಡು ಸುಡಲಿಲ್ಲ. ಆದರೆ ಜಾಗ ಕೈತಪ್ಪಿತು. ಹುಡುಗಿಯ ಪರದೆ ಕೊನೆಯವರೆಗೂ ನೀರಿನಂತೆ ಓಡಿತು. ಅವಳು ಗೆದ್ದಳು.

ನಾಯಕ ಎದ್ದು ಬಂದು ಅವಳ ಪೆಟ್ಟಿಗೆಯೊಳಗೆ ಇಣುಕಿದ. “ಹೊಸ ಕಾರ್ಡು ಹಾಕ್ಸಿದೀಯಾ?”

“ಹಳೇದೇ. ಈಗ ಚಪ್ಪಾಳೆ ಯಾರು ತಟ್ತೀರಾ?” ಎಂದಳು ಹುಡುಗಿ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯೆಯ ಮುಖ ಅರಳಿತ್ತು. “ಗೊತ್ತಾಯಿತು ಗುರುಗಳೇ. ಇನ್ನು ನಾನು ಯಾರ ಮಾತಿಗೂ ತಗ್ಗುವುದಿಲ್ಲ. ನೀವೇ ಹೇಳಿಬಿಡಿ, ನಾನು ಎಲ್ಲಿಯವರೆಗೆ ಹೋಗಬಹುದು?”

ಗುರುಗಳು ಅವಳನ್ನೇ ನೋಡಿ ಹೇಳಿದರು: “ನೀನೂ ಆ ಯುವಕನಂತೆ ಪಕ್ಕದ ಮನೆಗೇ ಅಂಕೆ ಕೇಳಲು ಬಂದೆಯಲ್ಲ, ತಾಯಿ.”