ಒಳಗೆ ಹಿಡಿದಿಟ್ಟ ಹುಳಿ

"ಗುರುಗಳೇ, ಒಬ್ಬನ ಸ್ನೇಹ ನಿಜವೋ ನಾಟಕವೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಅವನ ಅನುಮಾನ ಜೊತೆಗಾರ ಸಿದ್ಧಬಸವನ ಮೇಲೆ. ಉಳಿದವರು ಚೆನ್ನವೀರನನ್ನು ಕಂಡಲ್ಲೆಲ್ಲ ತಬ್ಬಿಕೊಂಡು ಮಾತಾಡಿಸುತ್ತಿದ್ದರು. ಸಿದ್ಧಬಸವ ನಕ್ಕರೆ ಹೆಚ್ಚು. ಅವನ ಮೇಲೆ ಸುಳ್ಳು ಕಳವು ಹೊರಿಸಿ ನೋಡಬೇಕು, ಸ್ನೇಹವಿದ್ದರೆ ತಡೆದುಕೊಳ್ಳುತ್ತಾನೆ ಎಂದು ಚೆನ್ನವೀರ ಯೋಚಿಸಿದ್ದ. ಅದನ್ನೂ ಗುರುಗಳಿಗೆ ಹೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ಬಣ್ಣ ಹಾಕಿದ ರೇಷ್ಮೆಯನ್ನು ಹುಳಿನೀರಿನಲ್ಲಿ ಅದ್ದಿದರೇ ಹೊಳಪು. ಪೇಟೆಯಿಂದ ತಂದ ಉಗ್ರ ಆಮ್ಲ ರೇಷ್ಮೆಯನ್ನೇ ತಿಂದುಹಾಕಿತು. ಅದಕ್ಕೇ ಅವನ ಹೆಂಡತಿ ಬೆಲ್ಲದ ನೀರು ಹುದುಗಿಸಿ, ಪೇಟೆಯದರಷ್ಟೇ ಹುಳಿ ಇರುವಂತೆ ಒಂದು ಜಾಡಿ ಹುಳಿನೀರು ಮಾಡಿಕೊಟ್ಟಳು. ಬಣ್ಣಗಾರ ಎರಡನ್ನೂ, ಹುಳಿ ತಾಗಿದರೆ ಬಣ್ಣ ಬದಲಿಸುವ ಶಂಖಪುಷ್ಪದ ನೀಲಿ ನೀರಿಗೆ ಬಿಟ್ಟು ನೋಡಿದ. ಪೇಟೆಯದಕ್ಕೆ ನೀಲಿ ಕೆಂಪಾಯಿತು. ಹೆಂಡತಿಯದಕ್ಕೆ ಬರೀ ನೇರಳೆ. ಅಷ್ಟು ಸಾಕಾಯಿತು, ಅನುಮಾನದ ಹುಳ ತಲೆ ಹೊಕ್ಕಿತು.

"ಅರ್ಧ ತವರಿಗೆ ಸಾಗಿಸಿ ನೀರು ಬೆರೆಸಿದ್ದೀಯಾ," ಎಂದ.

"ಎರಡರಲ್ಲೂ ಹುಳಿ ಅಷ್ಟೇ ಇದೆ ಕಣ್ರೀ," ಎಂದಳು ಅವಳು. "ಅದು ಇದ್ದದ್ದನ್ನೆಲ್ಲ ಒಮ್ಮೆಗೇ ಹೊರಗೆ ಚೆಲ್ಲುತ್ತದೆ. ಇದು ಬಹುಪಾಲು ಒಳಗೇ ಹಿಡಿದಿಟ್ಟುಕೊಂಡು, ಬೇಕಾದಾಗ ಬಿಡುತ್ತದೆ. ಹೂವಿಗೆ ಕಾಣುವುದು ಹೊರಗೆ ಬಂದದ್ದಷ್ಟೇ."

ಅವನು ನಂಬಲಿಲ್ಲ. ಹುಳಿಯನ್ನು ಮುರಿಯುವುದು ಸುಣ್ಣ. ಎರಡರಿಂದಲೂ ಒಂದೊಂದು ಬಟ್ಟಲು ತೆಗೆದು, ಹುಳಿ ಪೂರ್ತಿ ಸಾಯುವತನಕ ಸುಣ್ಣ ಹಾಕಿದ. ಎರಡಕ್ಕೂ ಹಿಡಿದದ್ದು ಸಮ ಸುಣ್ಣ. ಮೇಲೆ ಹುಳಿ ಬಿಟ್ಟು ತಳದಲ್ಲಿ ನೀರು ತುಂಬಿದ್ದರೆ? ತಳದಿಂದ ಇನ್ನೊಂದು ಬಟ್ಟಲು ತೆಗೆದ. ಅದಕ್ಕೂ ಅಷ್ಟೇ ಹಿಡಿಯಿತು. ಈ ಖಾಲಿ ಬಟ್ಟಲನ್ನು ಅವಳೇ ಎತ್ತಿಕೊಟ್ಟಿದ್ದಳಲ್ಲ, ಏನು ಮಸಲತ್ತೋ! ಕೊನೆಗೆ ಉಳಿದ ಹುಳಿಯೆಲ್ಲ ಸಾಯುವತನಕ ಸುಣ್ಣವನ್ನು ಜಾಡಿಗೇ ಸುರಿಯುತ್ತ ಬಂದ. ಲೆಕ್ಕ ಸರಿಬಂತು. ಅವಳು ಹೇಳಿದ್ದೆಲ್ಲ ನಿಜವಾಗಿತ್ತು.

ಬಣ್ಣಗಾರನಿಗೆ ನಾಚಿಕೆಯಾಯಿತು. ಹೇಳೋಣವೆಂದು ತಿರುಗಿದರೆ ಹೆಂಡತಿ ಇರಲಿಲ್ಲ. ತವರಿನ ದಾರಿ ಹಿಡಿದಿದ್ದಳು. ಅದ್ದಲು ಹುಳಿಯಿಲ್ಲದೆ ರೇಷ್ಮೆ ಮಂಕಾಗಿಯೇ ಉಳಿಯಿತು.

ಚೆನ್ನವೀರನಿಗೆ ಇನ್ನೂ ಮನಸ್ಸು ಒಪ್ಪಲಿಲ್ಲ.

"ಏನೇ ಆಗಲಿ ಗುರುಗಳೇ, ಬಣ್ಣಗಾರನ ಅನುಮಾನವಂತೂ ತೀರಿತಲ್ಲ?"

"ತೀರಿತಪ್ಪ," ಎಂದರು ಗುರುಗಳು. "ಹುಳಿಯೂ ತೀರಿತು."