ಕಾಗದದ ನಂಬರು ಮತ್ತು ಚೆಂಡುಹೂವಿನ ಹಾರ

ಹೊಸ ಕಾರಿನ ಮೂತಿಗೆ ಅಂಟಿಸಿದ್ದ ತಾತ್ಕಾಲಿಕ ನಂಬರಿನ ಕಾಗದಕ್ಕೆ ಒಂದೇ ಕುತೂಹಲ: ತನ್ನ ಬೆನ್ನ ಹಿಂದಿರುವ ಎರಡು ಸ್ಕ್ರೂ ತೂತುಗಳು ಯಾರಿಗಾಗಿ? ನೋಂದಣಿ ಕಚೇರಿ ತಲುಪಿದರೆ ತಿಳಿದೀತೆಂದು ಅದು ಕಾದಿತ್ತು.

ಹೊರಡುವ ಮುನ್ನ ಯಜಮಾನಿ ಶಕುಂತಳಮ್ಮ ಕಾರಿಗೆ ಪೂಜೆ ಮಾಡಿ, ಚೆಂಡುಹೂವಿನ ದಪ್ಪ ಹಾರವನ್ನು ಕಾಗದದ ಮೇಲೆಯೇ ಇಳಿಬಿಟ್ಟರು.

“ಅಕ್ಕಾ, ತುಸು ಸರಿಯಿರಿ. ನಾನು ಕಾಣದಿದ್ದರೆ ಕಾರನ್ನು ದಾರಿಯಲ್ಲೇ ತಡೆಯುತ್ತಾರೆ,” ಎಂದಿತು ಕಾಗದ.

“ಓಹೋ! ಎರಡು ದಿನದ ನೆಂಟನಿಗೆ ಎಷ್ಟು ಬಿಂಕ! ನಾಳೆ ಕಿತ್ತೆಸೆಯುವ ನಿನ್ನನ್ನು ಯಾರು ಓದುತ್ತಾರೆ? ಕಾರಿಗೆ ಕಳೆ ಬಂದಿರುವುದೇ ನನ್ನಿಂದ,” ಎಂದಿತು ಹಾರ.

ಸರ್ಕಲ್ಲಿನಲ್ಲಿ ಪೊಲೀಸ್ ಪೇದೆ ಕೈ ಅಡ್ಡ ಹಿಡಿದ. “ನಂಬರೆಲ್ಲಮ್ಮಾ?”

ಶಕುಂತಳಮ್ಮ ಗಾಬರಿಯಿಂದ ಇಳಿದು ಹಾರವನ್ನು ಎಳೆದರು. ದಾರ ಹರಿದು ಹೂಗಳೆಲ್ಲ ರಸ್ತೆಪಾಲಾದವು. ಪೇದೆ ಕಾಗದವನ್ನು ಓದಿ ದಾರಿ ಬಿಟ್ಟ.

ನೋಂದಣಿ ಮುಗಿದು ಲೋಹದ ಫಲಕ ಬಂತು. ಕಾಗದವನ್ನು ಸುಲಿಯುತ್ತಿದ್ದಾಗ ಫಲಕ ಕೇಳಿತು: “ಜಾಗ ಬಿಟ್ಟುಕೊಡಲು ಬೇಸರವಿಲ್ಲವೆ?”

“ಇಲ್ಲ ಸ್ವಾಮಿ. ತೂತುಗಳು ಯಾರಿಗೆಂದು ತಿಳಿಯಬೇಕಿತ್ತು, ತಿಳಿಯಿತು. ಆಯುಧಪೂಜೆಯ ದಿನ ಹಾರ ಬಂದರೆ ಮಾತ್ರ, ಮೊದಲೇ ಅದಕ್ಕೆ ಸ್ವಲ್ಪ ಮೇಲೆ ಕೂರಲು ಹೇಳಿ.”