ತೋಪು ಹಾರದ ಸಂಜೆ

ಒಬ್ಬ ನವಾಬನಿದ್ದ. ಗುಲಾಬಿ ಅಂದರೆ ಅವನಿಗೆ ಪ್ರಾಣ. ರಂಜಾನ್ ತಿಂಗಳೆಂದೂ ನೋಡದೆ ನೇಕಾರರ ಓಣಿಯ ಬಾವಿಗೆ ಬೀಗ ಜಡಿದು, ನೀರನ್ನೆಲ್ಲ ತನ್ನ ತೋಟಕ್ಕೆ ತಿರುಗಿಸಿಕೊಂಡ. ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ದರ್ಬಾರಿಗೆ ಬಂದಾಗ, ಉತ್ತರ ಹೇಳಲು ಮೌಲಾನಾ ಫಸೀಹುದ್ದೀನರನ್ನು ಮುಂದೆ ಬಿಟ್ಟ.

ಮೌಲಾನಾ ಗಡ್ಡ ಸವರಿಕೊಂಡು, ಕುರಾನಿನ ಒಂದೇ ಒಂದು ಧಾತು ಕೊಟ್ಟರೆ ಸಂಜೆಯವರೆಗೂ ಮಾತಾಡಬಲ್ಲೆ ಎಂದರು. ಮಾತಾಡಿಯೂಬಿಟ್ಟರು. ಸ್ವಾದ್, ಬೇ, ರೇ ಮೂರಕ್ಷರ ಸೇರಿದರೆ ಸಬರ್, ಅಂದರೆ ತಾಳ್ಮೆ. ಮೂಲದಲ್ಲಿ ಅದರ ಅರ್ಥ ಕಟ್ಟಿಹಾಕುವುದು, ತಡೆದು ಹಿಡಿಯುವುದು. ಕಷ್ಟ ಬಂದಾಗ ಸಬರ್, ನಮಾಜಿನ ಜೊತೆ ಸಬರ್. ದೇವರಿರುವುದೂ ಸಬರ್ ಮಾಡುವವರ ಕಡೆಗೇ. ಆದ್ದರಿಂದ ಸುಮ್ಮನೆ ಮನೆಗೆ ಹೋಗಿ ಎಂದರು.

ಹೆಂಗಸರು ಬಾಯಾರಿದ ಮಕ್ಕಳನ್ನು ಎತ್ತಿಕೊಂಡು ಹೊರಟರು. ನನ್ನೇಸಾಬ ಅದನ್ನೆಲ್ಲ ನೋಡುತ್ತ ನಿಂತಿದ್ದ. ಅವನು ಆಸ್ಥಾನದ ತಮಾಷೆಗಾರ, ಕೋಟೆಯ ಮೇಲೆ ಹಾರಿಸುವ ತೋಪಿನ ಉಸ್ತುವಾರಿಯೂ ಅವನದೇ.

"ಮೌಲಾನಾ ಸಾಹೇಬರೇ, ಅದೇ ಧಾತುವಿನಿಂದ 'ಸಾಬಿರೂ' ಅಂತಲೂ ಬರುತ್ತದಲ್ಲ?"

"ಬರುತ್ತದೆ. ಒಬ್ಬರಿಗೊಬ್ಬರು ಜೊತೆಯಾಗಿ ಸಬರ್ ಮಾಡಿ ಅಂತ."

ನನ್ನೇಸಾಬ ಸಲಾಂ ಹೊಡೆದು ಹೊರಟ.

ಆ ಊರಲ್ಲಿ ತೋಪು ಹಾರಿದ ಮೇಲೆಯೇ ಉಪವಾಸ ಬಿಡಬೇಕು. ಅದು ನವಾಬನದೇ ಕಟ್ಟಪ್ಪಣೆ. ಸಂಜೆ ಅರಮನೆಯಲ್ಲಿ ಊಟಕ್ಕೆ ಹಾಸಿದ ದಸ್ತರಖಾನಿನ ಮೇಲೆ ಖರ್ಜೂರ, ಶರಬತ್ತು, ಹಲೀಮು. ಸೂರ್ಯ ಮುಳುಗಿದ. ತೋಪು ಹಾರಲಿಲ್ಲ. ಮೌಲಾನಾ ಖರ್ಜೂರ ಎತ್ತುವುದು, ಇಡುವುದು. ನೇಕಾರರ ಓಣಿಯವರಿಗೆ ಮಾತ್ರ ತಡವಾದದ್ದು ಗೊತ್ತೇ ಆಗಲಿಲ್ಲ. ಉಪವಾಸ ಬಿಡಲು ಅವರಲ್ಲಿ ನೀರಾದರೂ ಎಲ್ಲಿತ್ತು?

ನವಾಬ ನನ್ನೇಸಾಬನನ್ನು ಕರೆಸಿ ಗದರಿದ.

"ಒದ್ದೆ ಬಟ್ಟೆಯಿಂದ ನಳಿಗೆ ಒರೆಸದೆ ಮದ್ದು ತುಂಬುವ ಹಾಗಿಲ್ಲ ಹುಜೂರ್. ತೋಪು ಹಾರಿಸುವ ಗೋಲಂದಾಜ ಇರುವುದು ನೇಕಾರರ ಓಣಿಯಲ್ಲಿ. ನೀರಿಗೆ ಅವನು ಹೊಳೆಗೇ ಹೋಗಬೇಕಾಯಿತು."

"ಅಲ್ಲಿಯವರೆಗೆ ನಾವೇನು ಮಾಡಬೇಕು?" ಎಂದರು ಮೌಲಾನಾ. ಗಂಟಲು ಒಣಗಿತ್ತು.

"ತಾವೇ ಹೇಳಿದಿರಲ್ಲ, ಸಾಬಿರೂ. ಇಷ್ಟು ದಿನ ಓಣಿಯವರು ಒಬ್ಬರೇ ಮಾಡುತ್ತಿದ್ದರು. ಇವತ್ತು ಜೊತೆ ಸಿಕ್ಕಿತು."

ಮೌಲಾನಾ ನವಾಬನ ಕಡೆ ತಿರುಗಿ, ಬಾವಿಯ ಬೀಗ ತೆಗೆಸುವುದೇ ಧರ್ಮ ಎಂದುಬಿಟ್ಟರು. ನವಾಬ ಬೀಗದ ಕೈ ಎಸೆದ. ನನ್ನೇಸಾಬ ಅದನ್ನು ಹಿಡಿದು, ಕಿಟಕಿಯಲ್ಲಿ ರುಮಾಲು ಬೀಸಿದ. ಕೂಡಲೇ ತೋಪು ಢಮ್ಮೆಂದಿತು.

ಖರ್ಜೂರ ಬಾಯಿಗೆ ಹಾಕಿಕೊಂಡು ನವಾಬ ಕೇಳಿದ, "ಹೊಳೆಗೆ ಹೋದವನು ಇಷ್ಟು ಬೇಗ ಬಂದನೇನೋ?"

"ಮಧ್ಯಾಹ್ನವೇ ಬಂದಿದ್ದ ಹುಜೂರ್. ತೋಪಿನ ಪಕ್ಕ ಕೂತು ಸಬರ್ ಮಾಡುತ್ತಿದ್ದ."